ಪೈಪೋಟಿ ಇದ್ದೂ ಟಾಕ್ ರೇಡಿಯೋ ಸ್ಟೇಷನ್‌ಗಳು ಯಾಕೆ ಮಾಯವಾಗುತ್ತವೆ?

ಬೆಂಗಳೂರಿನಿಂದ ನೀವು ಕೇಳಿದ ಪ್ರಶ್ನೆ ಇದು: ಅಮೆರಿಕದಲ್ಲಿ ಒಂದೊಂದು ಊರಿಗೂ ನಾಲ್ಕೈದು ಟಾಕ್ ರೇಡಿಯೋ (ಹಾಡಿಗಿಂತ ಸುದ್ದಿ, ಚರ್ಚೆ, ಕೇಳುಗರ ಫೋನ್ ಮಾತೇ ಮುಖ್ಯವಾದ ಸ್ಟೇಷನ್) ಇವೆ, ಆದರೂ ಹೆಸರು ಮಾಡಿದ ಸ್ಟೇಷನ್‌ಗಳೇ ರಾತ್ರೋರಾತ್ರಿ ಫಾರ್ಮ್ಯಾಟ್, ಅಂದರೆ ಕಾರ್ಯಕ್ರಮಗಳ ಬಗೆಯನ್ನೇ, ಬದಲಿಸಿಬಿಡುತ್ತವೆ, ಯಾಕೆ? ಪೈಪೋಟಿ ಇದ್ದರೆ ಕೇಳುವವರಿಗೆ ಒಳ್ಳೆಯದಾಗಬೇಕಲ್ವಾ?

ಎಲ್ಲ ಊರಿನ ಕಥೆ ಹೇಳಲು ನನ್ನಿಂದಾಗದು. ನಾನು 20 ವರ್ಷಕ್ಕೂ ಹೆಚ್ಚು ಕಾಲದಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿದ್ದೇನೆ. ಇಲ್ಲಿನ ಕೆಜಿಒ 810 ಎಎಂ (ಮೀಡಿಯಂ ವೇವ್) ಸ್ಟೇಷನ್ ಹೇಗೆ ಬೆಳೆಯಿತು, ಹೇಗೆ ಹೋಯಿತು ಅನ್ನುವುದನ್ನು ಹತ್ತಿರದಿಂದ ಕೇಳಿದವನು. ಡಂಬಾರ್ಟನ್ ಸೇತುವೆ ದಾಟಿ ಕೆಲಸಕ್ಕೆ ಹೋಗುವಾಗ, ಉಪ್ಪು ತೆಗೆಯುವ ಕೊಳಗಳ ಪಕ್ಕದಲ್ಲಿ ಅದರ ಮೂರು ಗೋಪುರ ಕಾಣಿಸುತ್ತವೆ. ಹೆಚ್ಚಿನವರು ಕರೆಂಟ್ ಕಂಬ ಅಂದುಕೊಂಡು ಮುಂದೆ ಹೋಗುತ್ತಾರೆ.

ಕೆಜಿಒ ಶುರುವಾಗಿದ್ದು 1924ರಲ್ಲಿ. 50,000 ವ್ಯಾಟ್ ಶಕ್ತಿ. ರಾತ್ರಿಯಾದರೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಕೇಳಿಸುತ್ತಿತ್ತು. ಈ ಪ್ರದೇಶದ ಎಲ್ಲ ಸ್ಟೇಷನ್‌ಗಳ ನಡುವೆ, ಹಾಡಿನವೂ ಸೇರಿ, ಸುಮಾರು 30 ವರ್ಷ ಹೆಚ್ಚುಕಡಿಮೆ ಇದೇ ಮೊದಲ ಸ್ಥಾನದಲ್ಲಿತ್ತು. ಬೆಳಿಗ್ಗೆ ಸುದ್ದಿ, ಆಮೇಲೆ ರಾನ್ ಓವೆನ್ಸ್ ನಡೆಸಿಕೊಡುವ ಮಾತುಕತೆ, ಮಧ್ಯಾಹ್ನ ಒಬ್ಬ ವಕೀಲರ ಪುಕ್ಕಟೆ ಸಲಹೆ, ಶನಿವಾರ ಜೀನ್ ಬರ್ನ್ಸ್ ಅವರ ಊಟ-ತಿಂಡಿಯ ಮಾತು. ಎಲ್ಲಾ ಇಲ್ಲೇ ತಯಾರಾಗುತ್ತಿತ್ತು.

2004ರಲ್ಲಿ ನಾನೇ ಒಮ್ಮೆ ಫೋನ್ ಮಾಡಿದ್ದೆ. ಅವತ್ತಿನ ವಿಷಯ, ಇಲ್ಲಿನ ಕೆಲಸಗಳು ಬೆಂಗಳೂರಿಗೆ ಹೋಗುತ್ತಿವೆ ಅನ್ನುವುದು. ಕರೆ ತೆಗೆದುಕೊಂಡ ಹುಡುಗಿ ಮೂರೇ ಪ್ರಶ್ನೆ ಕೇಳಿದಳು: ಹೆಸರು, ಊರು, ಹೇಳಬೇಕಾದ್ದು ಒಂದೇ ಸಾಲಿನಲ್ಲಿ. ಆಮೇಲೆ, "ನಿಮ್ಮ ರೇಡಿಯೋ ಆಫ್ ಮಾಡಿ" ಅಂದಳು. ಗಾಳಿಗೆ ಹೋಗುವ ಮಾತು ಕೆಲವು ಸೆಕೆಂಡ್ ತಡವಾಗಿ ಕೇಳಿಸುತ್ತದೆ, ನಮ್ಮ ದನಿಯನ್ನು ನಾವೇ ಕೇಳಿ ತೊದಲುತ್ತೇವೆ, ಅದಕ್ಕೆ. 40 ನಿಮಿಷ ಲೈನ್‌ನಲ್ಲಿ ಕಾದೆ. ಅಂಗೈ ಬೆವರುತ್ತಿತ್ತು. ಕೊನೆಗೆ ಸಿಕ್ಕಿದ್ದು ಒಂದು ನಿಮಿಷ. ನಾನು ಬೆಂಗಳೂರಿನವರ ಪರವಾಗಿ ನಾಲ್ಕು ಮಾತು ಹೇಳಿದೆ. ನನ್ನ ನಂತರ ಬಂದವರು ಸ್ಯಾನ್ ಹೋಸೆಯವರು, ಕೆಲಸ ಕಳೆದುಕೊಂಡು ಎಂಟು ತಿಂಗಳಾಗಿತ್ತಂತೆ. "ಫ್ರೀಮಾಂಟ್‌ನಿಂದ ಈಗ ಮಾತಾಡಿದರಲ್ಲ, ಅವರಿಗೆ ಹೇಳ್ತೀನಿ" ಅಂತಲೇ ಶುರು ಮಾಡಿದರು. ಸಿಟ್ಟಿತ್ತು, ಆದರೆ ಬೈಗುಳ ಇರಲಿಲ್ಲ. ಅವರ ಮನೆ ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ. ಅವರು ಹೇಳಿದ್ದನ್ನು ಎಷ್ಟೋ ದಿನ ಯೋಚಿಸಿದೆ.

ಅಪ್ಪ 2006ರಲ್ಲಿ ಬಂದಿದ್ದರು. ಅರಸೀಕೆರೆಯಲ್ಲಿ ರೈಲ್ವೆ ಕೆಲಸ ಮಾಡಿದವರು. ಇಲ್ಲಿನ ಹೊತ್ತಿಗೆ ಮೈ ಒಗ್ಗದೆ ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದರು. ಅಡುಗೆಮನೆಯ ರೇಡಿಯೋ ಸಣ್ಣಗೆ ಹಾಕಿಕೊಂಡು ರೇ ಟಾಲಿವರ್ ಕಾರ್ಯಕ್ರಮ ಕೇಳುವುದು ಅಭ್ಯಾಸವಾಯಿತು. ಅದು ಮಧ್ಯರಾತ್ರಿ ಒಂದರಿಂದ ಬೆಳಗಿನ ಜಾವ ಐದರವರೆಗೆ ನಡೆಯುತ್ತಿತ್ತು. "ಇವರಿಗೆಲ್ಲ ರಾತ್ರಿ ನಿದ್ದೆ ಇಲ್ವೇನೋ?" ಅಂತ ನನ್ನನ್ನು ಕೇಳಿದ್ದರು. ಫೋನ್ ಮಾಡಿದವರು ಊರಿನ ಹೆಸರು ಹೇಳಿದ ಕೂಡಲೇ ರಸ್ತೆ ಮ್ಯಾಪ್ ಬಿಡಿಸಿ ಹುಡುಕುತ್ತಿದ್ದರು. ವಲೇಹೋ, ಸಾಂಟಾ ರೋಸಾ, ಫ್ರೆಸ್ನೋ. ಮೂರು ತಿಂಗಳಲ್ಲಿ ಈ ಸೀಮೆಯ ಊರುಗಳು ನನಗಿಂತ ಜಾಸ್ತಿ ಅವರಿಗೆ ಗೊತ್ತಿದ್ದವು.

ಇಂಥ ಸ್ಟೇಷನ್ ಹೋಗಿದ್ದು ಯಾಕೆ? ಮೊದಲು ಪೆಟ್ಟು ಬಿದ್ದಿದ್ದು ಕೇಳುಗರ ಲೆಕ್ಕ ಹಾಕುವ ರೀತಿಯಿಂದ. ಹಿಂದೆಲ್ಲ ಆಯ್ದ ಮನೆಗಳಿಗೆ ಡೈರಿ ಕೊಡುತ್ತಿದ್ದರು. ಒಂದು ವಾರ ಏನೇನು ಕೇಳಿದಿರಿ ಅಂತ ಕೈಯಲ್ಲಿ ಬರೆಯಬೇಕು. ಮನಸ್ಸಿಗೆ ಹತ್ತಿರವಾದ ಸ್ಟೇಷನ್ ಹೆಸರು ತಾನಾಗಿ ಬರೆಯಲ್ಪಡುತ್ತಿತ್ತು. 2008ರ ಹೊತ್ತಿಗೆ ಇಲ್ಲಿ ಆ ಡೈರಿಯ ಜಾಗಕ್ಕೆ ಪೇಜರ್‌ನಂಥ ಒಂದು ಯಂತ್ರ ಬಂತು. ಸೊಂಟಕ್ಕೆ ಸಿಕ್ಕಿಸಿಕೊಂಡರೆ, ಅಂಗಡಿಯಲ್ಲಿ ಸುಮ್ನೆ ಕಿವಿಗೆ ಬಿದ್ದ ಹಾಡಿನ ಸ್ಟೇಷನ್ನನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಕೆಜಿಒ ಮೊದಲ ಸ್ಥಾನ ಕಳೆದುಕೊಂಡಿತು. ಅದೇ ವರ್ಷ ಎದುರಾಳಿ ಕೆಸಿಬಿಎಸ್ 740 ತನ್ನ ಸುದ್ದಿಯನ್ನು 106.9 ಎಫ್ಎಂನಲ್ಲೂ ಬಿತ್ತರಿಸತೊಡಗಿತು. ಕೆಜಿಒ ಎಎಂನಲ್ಲೇ ಉಳಿಯಿತು. ಎಎಂ ಕೇಳುವವರಿಗೆ ವಯಸ್ಸಾಗುತ್ತಿತ್ತು. ಜಾಹೀರಾತಿನವರಿಗೆ ಬೇಕಾದ್ದು 25ರಿಂದ 54ರ ವಯಸ್ಸಿನವರು. ಈಗಂತೂ ಫ್ರೀಮಾಂಟ್‌ನಲ್ಲೇ ತಯಾರಾಗುವ ಟೆಸ್ಲಾ ಕಾರುಗಳಲ್ಲಿ ಎಎಂ ರೇಡಿಯೋನೇ ಇಲ್ಲ.

ಇನ್ನು ಖರ್ಚು. ಸ್ಥಳೀಯ ಮಾತಿಗೆ ನಡೆಸಿಕೊಡುವವರು, ಕರೆ ತೆಗೆದುಕೊಳ್ಳುವವರು, ಪ್ರೊಡ್ಯೂಸರ್, ವರದಿಗಾರರು ಎಲ್ಲ ಬೇಕು. ದೇಶಕ್ಕೆಲ್ಲ ಒಂದೇ ಸಲ ಹೋಗುವ ಕಾರ್ಯಕ್ರಮ ಹಾಕಿಕೊಂಡರೆ ಇವರ ಅರ್ಧ ಜನವೂ ಬೇಡ.

2011ರಲ್ಲಿ ಸ್ಟೇಷನ್ ಕ್ಯುಮುಲಸ್ ಕಂಪನಿಯ ಕೈಗೆ ಬಂತು. ಡಿಸೆಂಬರ್ 1, ಗುರುವಾರ. ಟಾಲಿವರ್, ಜೀನ್ ಬರ್ನ್ಸ್ ಸೇರಿ ಬಹುತೇಕ ಎಲ್ಲರನ್ನೂ ಒಂದೇ ದಿನ ತೆಗೆದರು. ರಾನ್ ಓವೆನ್ಸ್ ಉಳಿದರು. ಮುಂದಿನ ವಾರದಿಂದ ಹೆಚ್ಚು ಹೊತ್ತೂ ಬರೀ ಸುದ್ದಿ. ಆದರೆ ಕೆಸಿಬಿಎಸ್ 1968ರಿಂದ ಮಾಡುತ್ತಾ ಬಂದಿದ್ದು ಅದನ್ನೇ! 8:08, 8:18, 8:28, ಹೀಗೆ ಹತ್ತು ನಿಮಿಷಕ್ಕೊಮ್ಮೆ ಅಲ್ಲಿ ಟ್ರಾಫಿಕ್ ಸುದ್ದಿ ಬರುತ್ತದೆ ಅಂತ ಇಲ್ಲಿ ಕಾರು ಓಡಿಸುವವರಿಗೆಲ್ಲ ಬಾಯಿಪಾಠ. ಅವರ ಅಂಗಳದಲ್ಲಿ ಹೋಗಿ ಅವರನ್ನು ಗೆಲ್ಲುವುದು ಸಾಧ್ಯವಿತ್ತೇ? ಕೇಳುಗರು ಇನ್ನಷ್ಟು ಕಡಿಮೆಯಾದರು. ಮುಂದೆ ಸ್ವಲ್ಪ ಸ್ವಲ್ಪವಾಗಿ ಮಾತು ಮರಳಿತು, ಆದರೆ ರಾತ್ರಿ ಎರಡಕ್ಕೆ ಫೋನ್ ಮಾಡುತ್ತಿದ್ದವರು ಮರಳಲಿಲ್ಲ.

ಕೊನೆಯದು 2022ರ ಅಕ್ಟೋಬರ್ 6, ಅದೂ ಗುರುವಾರ. ಬೆಳಗಿನ ಕಾರ್ಯಕ್ರಮ ಮುಗಿಯಿತು, ಒಂದು ವಿದಾಯದ ಪ್ರಕಟಣೆ ಬಂತು, ಆಮೇಲೆ ದುಡ್ಡು-ಜೂಜಿನ ಹಾಡುಗಳು ಒಂದರ ಹಿಂದೆ ಒಂದು. ನಾನು ಕಾರಿನಲ್ಲಿದ್ದೆ, ಸ್ಟೇಷನ್ ತಪ್ಪಿತೇನೋ ಅಂತ ಎರಡು ಸಲ ಬಟನ್ ಒತ್ತಿ ನೋಡಿದೆ. ಸೋಮವಾರ ಅದು ಆಟಗಳ ಮೇಲೆ ಬಾಜಿ ಕಟ್ಟುವವರ ಸ್ಟೇಷನ್ ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಆಗ ಅಂಥ ಬಾಜಿಗೆ ಕಾನೂನಿನ ಒಪ್ಪಿಗೆಯೇ ಇರಲಿಲ್ಲ. ನವೆಂಬರ್‌ನಲ್ಲಿ ಮತಕ್ಕೆ ಹಾಕಿದ ಎರಡೂ ಪ್ರಸ್ತಾವಗಳನ್ನು ಜನ ಭಾರಿ ಅಂತರದಿಂದ ತಿರಸ್ಕರಿಸಿದರು. ಸುಮಾರು 100 ವರ್ಷದ ಸ್ಟೇಷನ್ ಚುನಾವಣೆಗೆ ತಿಂಗಳಿದೆ ಅನ್ನುವಾಗ ಊರಿನ ಮಾತು ನಿಲ್ಲಿಸಿದ್ದು ನನಗೆ ಇವತ್ತಿಗೂ ನೋವು.

ಪೈಪೋಟಿಯ ಬಗ್ಗೆ ಕೇಳಿದಿರಲ್ಲ, ನನ್ನ ಪ್ರಕಾರ ಗುಟ್ಟು ಇರುವುದು ಇಲ್ಲಿ. 1996ರ ಕಾನೂನು ಒಂದೇ ಕಂಪನಿ ದೇಶದಲ್ಲಿ ಎಷ್ಟು ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಲು ಬಿಟ್ಟಿತು, ದೊಡ್ಡ ಊರಿನಲ್ಲಿ ಎಂಟರವರೆಗೆ. ಹಾಗಾಗಿ ಕೆಜಿಒ, ಬಲಪಂಥೀಯ ಮಾತಿನ ಕೆಎಸ್ಎಫ್ಒ 560, ಕ್ರೀಡೆಯ ಕೆಎನ್‌ಬಿಆರ್ 680 ಮೂರಕ್ಕೂ ಯಜಮಾನರು ಒಬ್ಬರೇ ಆದರು. ನಮ್ಮ ಕಿವಿಗೆ ಮೂರು ಸ್ಟೇಷನ್, ಅವರ ಪುಸ್ತಕದಲ್ಲಿ ಮೂರು ಸಾಲು. ಯಾವ ಸಾಲು ನಷ್ಟ ತೋರಿಸುತ್ತದೋ ಅದನ್ನು ಅಗ್ಗದ ಇನ್ನೊಂದಕ್ಕೆ ಬದಲಿಸುತ್ತಾರೆ. ಪಕ್ಕದ ಸ್ಟೇಷನ್‌ಗಿಂತ ಒಳ್ಳೆಯ ಕಾರ್ಯಕ್ರಮ ಮಾಡಿ ಗೆಲ್ಲಬೇಕು ಅನ್ನುವ ಹಟ ಯಾರಿಗೆ ಉಳಿಯುತ್ತದೆ ಹೇಳಿ? ಸಾಲದ ಭಾರ ಬೇರೆ. ಕ್ಯುಮುಲಸ್ 2017ರಲ್ಲಿ ದಿವಾಳಿ ಅರ್ಜಿ ಹಾಕಿ, ಮರುವರ್ಷ ಹೊರಬಂತು.

ಬೆಂಗಳೂರಿನಲ್ಲಿ ಈ ಕಥೆ ನಡೆಯದಿರಲು ಕಾರಣವೇ ಬೇರೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ರೇಡಿಯೋ ಸಿಟಿ 91.1 ನಿಮ್ಮ ಊರಿನಲ್ಲೇ ಶುರುವಾಯಿತು, ಆದರೆ ಖಾಸಗಿಯವರು ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯದನ್ನು ಇದ್ದಂತೆಯೇ ಹಾಕಬಹುದು ಅಷ್ಟೆ. ರಾಜಕೀಯ ಚರ್ಚೆಯ ಸ್ಟೇಷನ್ ಹುಟ್ಟಲು ದಾರಿಯೇ ಇಲ್ಲ.

ಇಲ್ಲಿ ಊರಿನ ಮಾತು ಪೂರ್ತಿ ಸತ್ತಿಲ್ಲ. ಕೆಕ್ಯೂಇಡಿ 88.5 ಎಫ್ಎಂ ಕೇಳುಗರ ದೇಣಿಗೆಯಿಂದ ನಡೆಯುತ್ತದೆ, ನಾನೂ ಪ್ರತಿ ವರ್ಷ ಕೈಲಾದಷ್ಟು ಕೊಡುತ್ತೇನೆ. ಅದರ 'ಫೋರಂ' ಕಾರ್ಯಕ್ರಮ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ. ನೀರಿನ ಬರ, ಬಾಡಿಗೆ, ಶಾಲೆ, ಎಲ್ಲದಕ್ಕೂ ಜನ ಫೋನ್ ಮಾಡುತ್ತಾರೆ. ಇಂಟರ್ನೆಟ್‌ನಲ್ಲಿ ನೇರವಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ ಆಗ ರಾತ್ರಿ ಒಂಬತ್ತೂವರೆ, ಇಲ್ಲಿನ ಚಳಿಗಾಲದಲ್ಲಾದರೆ ಹತ್ತೂವರೆ. ಊಟ ಮುಗಿಸಿ ಒಂದು ದಿನ ಹಾಕಿ ನೋಡಿ.