ಡ್ರ್ಯಾಗನ್ಸ್ ಡಾಗ್ಮಾ ಮೊದಲ ಭಾಗ ಇಂದಿಗೂ ಆಡಲು ಯೋಗ್ಯವೇ?

ಖಂಡಿತ ಯೋಗ್ಯ. ಆದರೆ ಕಥೆಗಾಗಿ ಅಲ್ಲ, ಕಾಳಗಕ್ಕಾಗಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2012ರಲ್ಲಿ ತಂದ ಈ ವಿಡಿಯೊ ಗೇಮ್‌ನಲ್ಲಿ ದೈತ್ಯ ಮೃಗಗಳ ಮೈಮೇಲೆ ಹತ್ತಿ ಹೋರಾಡಬಹುದು. ಹದ್ದಿನ ತಲೆ, ಸಿಂಹದ ಮೈಯ ಗ್ರಿಫಿನ್‌ನ ರೆಕ್ಕೆಗೆ ಬೆಂಕಿ ತಗುಲಿಸಿದರೆ ಅದು ನೆಲಕ್ಕುರುಳುತ್ತದೆ. ಬೆನ್ನನ್ನು ಬಿಗಿಯಾಗಿ ಹಿಡಿದಿದ್ದರೆ ನಿಮ್ಮನ್ನೂ ಹೊತ್ತು ಆಕಾಶಕ್ಕೇರುತ್ತದೆ. ಇನ್ನು ರಾತ್ರಿ ನಿಜವಾದ ಕಗ್ಗತ್ತಲು. ಲಾಂದ್ರದ ಎಣ್ಣೆ ಮುಗಿದಾಗ ಆಗುವ ಭಯವನ್ನು ನಾನು ಬೇರೆ ಗೇಮ್‌ಗಳಲ್ಲಿ ಅಷ್ಟಾಗಿ ಕಂಡಿಲ್ಲ. ‘ಪಾನ್’ ಎಂಬ ಸಂಗಡಿಗರಲ್ಲಿ ಒಬ್ಬರನ್ನು ನೀವೇ ರೂಪಿಸುತ್ತೀರಿ, ಇನ್ನಿಬ್ಬರನ್ನು ಬೇರೆ ಆಟಗಾರರಿಂದ ಎರವಲು ಪಡೆಯಬಹುದು. ಶತ್ರುವಿನ ದೌರ್ಬಲ್ಯ ಗೊತ್ತಿದ್ದರೆ ಅವರು ಕೂಗಿ ಹೇಳುತ್ತಾರೆ. ಹೇಳಿದ್ದನ್ನೇ ಹೇಳುವುದು ಮಾತ್ರ ಬೇಸರ ತರಿಸುತ್ತದೆ.

ನಡೆದ ದಾರಿಯಲ್ಲೇ ಮತ್ತೆ ಮತ್ತೆ ನಡೆಯಬೇಕು, ಅದೇ ತಿರುವಿನಲ್ಲಿ ಅದೇ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರು. ಪಾತ್ರಗಳೂ ತೆಳು. ಪದೇ ಪದೇ ವ್ಯಾಪಾರ ಮಾಡಿದ ಅಂಗಡಿಯವನೇ ನಿಮ್ಮ ಪ್ರೀತಿಪಾತ್ರನೆಂದು ಗೇಮ್ ತೀರ್ಮಾನಿಸಿಬಿಡಬಹುದು. ಆಗ ಪ್ರೀತಿಪಾತ್ರರನ್ನು ಬಲಿಕೊಡುವುದೋ, ಹೋರಾಡುವುದೋ ಎಂದು ಡ್ರ್ಯಾಗನ್ ಮುಂದಿಡುವ ಆಯ್ಕೆಯ ತೂಕವೇ ಕರಗಿಹೋಗುತ್ತದೆ. ನನಗೆ ಅತ್ಯಂತ ನೋವು ತಂದ ಲೋಪ ಇದು.

ಕೊಳ್ಳುವುದಾದರೆ 2013ರ ಡಾರ್ಕ್ ಅರಿಸನ್ ಆವೃತ್ತಿಯನ್ನೇ ಕೊಳ್ಳಿ. ಅದರಲ್ಲಿ ದೂರದ ಜಾಗಗಳಿಗೆ ನಡೆಯದೆ ಕ್ಷಣದಲ್ಲಿ ತಲುಪುವುದು ಸುಲಭ, ಬಿಟರ್‌ಬ್ಲ್ಯಾಕ್ ಎಂಬ ಹೊಸ ದ್ವೀಪವೂ ಸೇರಿದೆ.