ಸಂಪಾದಕರ ಉತ್ತರ: ಅತ್ತೆಯ ಉಗ್ರಾಣ, ಸೊಸೆಯ ಮೊಬೈಲು

(ಉಡುಪಿಯ ಅಂಬಲಪಾಡಿಯಿಂದ ಬಂದ ಪತ್ರದ ಮುಖ್ಯ ಭಾಗ: "ಲಾಕ್‌ಡೌನ್ ದಿನಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ, ಅಂದು ಮನೆಯಲ್ಲಿ ಸಾಮಾನು ತುಂಬಿಸಿಟ್ಟವರನ್ನು 'ಸ್ವಾರ್ಥಿಗಳು' ಎಂದಿದ್ದೀರಿ. ನನಗೀಗ 71 ವರ್ಷ. ನಮ್ಮ ಉಗ್ರಾಣದಲ್ಲಿ ಇವತ್ತಿಗೂ 50 ಕಿಲೋ ಕುಚ್ಚಲಕ್ಕಿ, ಎರಡು ಭರಣಿ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ), ಹುರುಳಿ, ಹಪ್ಪಳ, ನಾಲ್ಕು ತಿಂಗಳಿಗಾಗುವಷ್ಟು ಎಣ್ಣೆ ಇದೆ. 'ಅತ್ತೇ, ನೀವಿನ್ನೂ ಲಾಕ್‌ಡೌನಿನಲ್ಲೇ ಇದ್ದೀರಿ, ಮೊಬೈಲಿನಲ್ಲಿ ಒತ್ತಿದರೆ ಅರ್ಧ ಗಂಟೆಯಲ್ಲಿ ಬಾಗಿಲಿಗೇ ಬರುತ್ತದೆ' ಎಂದು ಸೊಸೆ ನಗುತ್ತಾಳೆ. ನಿಮ್ಮ ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪತ್ರಿಕೆಯನ್ನು ನನಗೆ ಕಾಣುವ ಹಾಗೆ ಫ್ರಿಜ್ಜಿನ ಮೇಲಿಟ್ಟಿದ್ದಾಳೆ. ನಾನು ಸ್ವಾರ್ಥಿಯೇ? ಆಗ ನಿಜಕ್ಕೂ ಅಕ್ಕಿ ಇರಲಿಲ್ಲವೇ, ಅಥವಾ ನಮ್ಮಂಥವರೇ ಇಲ್ಲದ ಹಾಗೆ ಮಾಡಿದೆವೇ? ಇನ್ನೊಂದು, ಅಕ್ಕಿಗೆ ಹುಳ ಬೀಳದ ಹಾಗೆ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ?" – ಒಬ್ಬ ಅತ್ತೆ)

ಅಮ್ಮಾ,

ಆ ಪದಕ್ಕೆ ಲೇಖಕರನ್ನು ಬೈಯಬೇಡಿ. ಅವರು 'ಮುಂಜಾಗ್ರತೆಯ ಮಂದಿ' ಎಂದು ಸೌಮ್ಯವಾಗಿ ಬರೆದು ಕಳಿಸಿದ್ದರು. ಪುಟ ಕಟ್ಟುವ ದಿನ ರಾತ್ರಿ ಅದನ್ನು ಹೊಡೆದು 'ಸ್ವಾರ್ಥಿಗಳು' ಎಂದು ಮಾಡಿದವನು ನಾನು. ಬರೆಯುವಾಗ ಕಣ್ಣ ಮುಂದಿದ್ದದ್ದು ನಿಮ್ಮಂಥವರ ಉಗ್ರಾಣ ಅಲ್ಲ, ನನ್ನ ಸ್ಕೂಟರು.

2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 24ರ ರಾತ್ರಿ ಪ್ರಧಾನಿಯವರ ಘೋಷಣೆ, 25ರಿಂದ 21 ದಿನಗಳ ಲಾಕ್‌ಡೌನ್. ಇಷ್ಟು ಇಡೀ ದೇಶದ್ದು. ದಕ್ಷಿಣ ಕನ್ನಡದಲ್ಲಿ ಅದರ ಮೇಲೆ ಇನ್ನೊಂದು ಬೀಗ ಬಿತ್ತು. 28ರ ಶನಿವಾರದಿಂದ 30ರ ಸೋಮವಾರದವರೆಗೆ ಜಿನಸಿನ ಅಂಗಡಿಗಳ ಬಾಗಿಲೂ ತೆರೆಯಲಿಲ್ಲ. 31ರ ಮಂಗಳವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ ಅವಕಾಶ ಎಂದದ್ದೇ ತಡ, ಮಂಗಳೂರಿಗೆ ಮಂಗಳೂರೇ ಚೀಲ ಹಿಡಿದು ಬೀದಿಗಿಳಿಯಿತು. ನಾನು ಐದೂಮುಕ್ಕಾಲಿಗೇ ಮನೆ ಹತ್ತಿರದ ಅಂಗಡಿಯ ಮುಂದೆ ನಿಂತಿದ್ದೆ. ಅಷ್ಟು ಹೊತ್ತಿಗೇ ನನ್ನ ಮುಂದೆ ಇಪ್ಪತ್ತೆರಡು ಮಂದಿ. ಬೇರೆ ಕೆಲಸವಿಲ್ಲದೆ ಎಣಿಸಿದ್ದೆ. ಅಂಗಡಿಯವರು ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಎಳೆದಿದ್ದರು. ಎರಡು ಕಂಬಕ್ಕೆ ಬಾವಿಯ ಹಗ್ಗ ಕಟ್ಟಿ, ಚೀಟಿ ಹಾಕಲು ಒಂದು ಬೆತ್ತದ ಬುಟ್ಟಿ ಇಟ್ಟಿದ್ದರು. ಮೊದಲ ಹತ್ತು ನಿಮಿಷ ಎಲ್ಲರೂ ವೃತ್ತದೊಳಗೆ ನಿಂತೆವು. ಅಂಗಡಿಯ ಶಟರು ಅರ್ಧ ಎದ್ದದ್ದೇ, ವೃತ್ತಗಳೆಲ್ಲ ಚಪ್ಪಲಿಗೆ ಅಂಟಿಕೊಂಡು ಹೋದವು.

ನನ್ನ ಚೀಟಿಯಲ್ಲಿ ಬರೆದದ್ದು 5 ಕಿಲೋ ಕುಚ್ಚಲಕ್ಕಿ. ನನ್ನ ಸರದಿ ಬಂದಾಗ ಗೋಡೆಗೊರಗಿಸಿ ಇಟ್ಟಿದ್ದ ಕುಚ್ಚಲಕ್ಕಿಯ ಚೀಲ ಒಂದೇ ಉಳಿದಿತ್ತು, 25 ಕಿಲೋದ್ದು. "ಪೂರ್ತಿ ಕೊಂಡುಹೋಗ್ತೀರಾ ಸಾರ್?" ಎಂದು ಅಂಗಡಿಯವರು ಕೇಳಿದರು. ಬಿಡಿಸಿ ತೂಗುವಷ್ಟು ಪುರುಸೊತ್ತು ಅವರಿಗೂ ಇರಲಿಲ್ಲ. ಹೂಂ ಎಂದೆ. ಜೊತೆಗೆ ಮೂರು ಪ್ಯಾಕೆಟ್ ಎಣ್ಣೆ, ಎರಡು ಕಿಲೋ ತೊಗರಿಬೇಳೆ, ಯಾಕೆಂದು ಇವತ್ತಿಗೂ ಗೊತ್ತಿಲ್ಲದ ಐದು ಕಿಲೋ ರವೆ. ಚೀಲವನ್ನು ಸ್ಕೂಟರಿನ ಮುಂದೆ ಕಾಲಿಡುವಲ್ಲಿ ನಿಲ್ಲಿಸುತ್ತಿದ್ದಾಗ ಹಿಂದಿದ್ದ ಹೆಂಗಸು ಅಂಗಡಿಯವರನ್ನು ತುಳುವಿನಲ್ಲಿ ಕೇಳಿದ್ದು ಕಿವಿಗೆ ಬಿತ್ತು: "ಅಣ್ಣಾ, ಅರಿ ಉಂಡಾ? ಒಂಜಿ ಸೇರ್ ಯಾವು." ಅಕ್ಕಿ ಇದೆಯೇ, ಒಂದು ಸೇರು ಸಾಕು. ಅಂಗಡಿಯವರು ನನ್ನ ಕಡೆ ನೋಡಲಿಲ್ಲ. ಆ ಹೆಂಗಸೂ ನೋಡಲಿಲ್ಲ. ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಮಾತ್ರ ಇದೆ ಎಂದರು ಅಂಗಡಿಯವರು. ಬೆಳ್ತಿಗೆಯ ಗಂಜಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಗೊಣಗಿಕೊಂಡು ಆಕೆ ಅದನ್ನೇ ಒಂದು ಕಿಲೋ ಕಟ್ಟಿಸಿಕೊಂಡರು.

ಚೀಲದ ಬಾಯಿ ಬಿಚ್ಚಿ ಒಂದು ಸೇರು ಅಳೆದು ಕೊಡುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಮನೆಗೆ ಬಂದರೆ ಹೆಂಡತಿ ಚೀಲವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಇದನ್ನು ಇಡುವುದೆಲ್ಲಿ?" ಎಂದಳು. ಡಬ್ಬದಲ್ಲಿ ಆಗಲೇ ಹನ್ನೆರಡು ಕಿಲೋ ಇತ್ತಂತೆ. ಅಡುಗೆಮನೆಗೆ ಇಣುಕಿ ನೋಡದೆ ಸಾಮಾನು ತರಲು ಹೋಗುವ ಗಂಡಸರ ಜಾತಿಗೆ ಸೇರಿದವನು ನಾನು.

ಹೀಗಾಗಿ 'ಸ್ವಾರ್ಥಿಗಳು' ಎಂದದ್ದು ನನ್ನನ್ನೇ. ಅದನ್ನು ಬಹುವಚನ ಮಾಡಿ ಊರವರ ಮೇಲೆಲ್ಲ ಹಂಚಿದ್ದು ತಪ್ಪು. ಈ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದ್ದೇವೆ. ಅದನ್ನೂ ಫ್ರಿಜ್ಜಿನ ಮೇಲಿಡಬಹುದು.

ಇನ್ನು ನಿಮ್ಮ ಪ್ರಶ್ನೆ, ಅಕ್ಕಿ ನಿಜಕ್ಕೂ ಇರಲಿಲ್ಲವೇ ಎಂದು. ಅಕ್ಕಿ ಇತ್ತು. ಆಹಾರ ನಿಗಮದ ಗೋದಾಮುಗಳಲ್ಲಿ ಎಷ್ಟಿತ್ತೆಂದರೆ, ಏಪ್ರಿಲಿನಿಂದ ಮೂರು ತಿಂಗಳು ಪಡಿತರ ಚೀಟಿಯ ಪ್ರತಿ ತಲೆಗೆ 5 ಕಿಲೋ ಧಾನ್ಯ, ಪ್ರತಿ ಮನೆಗೆ ಒಂದು ಕಿಲೋ ಬೇಳೆ ಪುಕ್ಕಟೆ ಎಂದು ಕೇಂದ್ರ ಸರಕಾರ ಹೇಳಿತು. ಆಮೇಲೆ ನವೆಂಬರಿನವರೆಗೂ ಮುಂದುವರಿಸಿತು. ಆದರೆ ಆಗ ನಮ್ಮ ರೇಶನಿಗೆ ಹೆಚ್ಚಾಗಿ ಬರುತ್ತಿದ್ದದ್ದು ಬೆಳ್ತಿಗೆ. ಕುಚ್ಚಲಕ್ಕಿ ಕೊಡಿ ಎಂದು ಕರಾವಳಿ ಕೇಳುತ್ತಾ ಬಂದಿರುವುದು ಇವತ್ತು ನಿನ್ನೆಯಿಂದಲ್ಲ. ದೇಶದ ಲೆಕ್ಕದಲ್ಲಿ ಅಕ್ಕಿ ಅಕ್ಕಿಯೇ. ನಮ್ಮ ಒಲೆಯ ಮುಂದೆ ಕುಚ್ಚಲು ಬೇರೆ, ಬೆಳ್ತಿಗೆ ಬೇರೆ. ಆ ಹೆಂಗಸು ಗೊಣಗಿದ್ದು ಅದಕ್ಕೆ.

ಇಲ್ಲದ್ದು ದಾರಿ, ಕೈ ಮತ್ತು ಹೊತ್ತು. ನಮ್ಮ ಎರಡು ಜಿಲ್ಲೆಗಳ ತರಕಾರಿಯ ಬುಟ್ಟಿ ಇರುವುದು ಘಟ್ಟದ ಮೇಲೆ. ಬಸಳೆ, ಹರಿವೆ, ಅಲಸಂಡೆ, ತೊಂಡೆ ಊರಿನದ್ದು. ನೀರುಳ್ಳಿ, ಬಟಾಟೆ, ಟೊಮೆಟೊ, ಬೀನ್ಸು, ಕ್ಯಾರೆಟ್ಟು ಎಲ್ಲ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಇಳಿದು ಬರಬೇಕು. ಮೊದಲ ದಿನಗಳಲ್ಲಿ ಯಾವ ಲಾರಿ ಬಿಡಬೇಕು, ಯಾವುದು ಬಿಡಬಾರದು ಎಂದು ಚೆಕ್‌ಪೋಸ್ಟಿನವರಿಗೇ ಸ್ಪಷ್ಟ ಇರಲಿಲ್ಲ. ಅಗತ್ಯ, ಅನಗತ್ಯ ಎಂದು ನೋಡದೆ ಎಲ್ಲ ಸರಕೂ ಸಾಗಲಿ ಎಂದು ಕೇಂದ್ರ ಗೃಹ ಸಚಿವಾಲಯ ತಿಳಿಸಿದ್ದು ಮಾರ್ಚ್ 29ಕ್ಕೆ. ಬಿಟ್ಟರೂ ದಾರಿಯಲ್ಲಿ ಡ್ರೈವರಿಗೆ ಒಂದು ಚಾ ಸಿಗುವ ಹೋಟೆಲಿಲ್ಲ, ಇಳಿಸಲು ಕೂಲಿಯವರಿಲ್ಲ. ಬಂದ ಲಾರಿಗೆ ವಾಪಸು ಹೋಗುವಾಗ ಲೋಡ್ ಇಲ್ಲದಿದ್ದರೆ ಹೋಗಿ ಬರುವ ಎರಡೂ ಬಾಡಿಗೆ ಟೊಮೆಟೊದ ತಲೆಯ ಮೇಲೆಯೇ. ಏಪ್ರಿಲಿನಲ್ಲಿ ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿಗೆ ಸಾಗಿಸಿದರು. ಗುಂಪು ತಪ್ಪಿಸಲು ಅದು ಬೇಕಿತ್ತೋ ಏನೋ. ಪೇಟೆಯ ಚಿಕ್ಕ ಅಂಗಡಿಯವರಿಗಂತೂ ಪ್ರತಿದಿನದ ದಾರಿ ಉದ್ದವಾಯಿತು.

ಹೊತ್ತಿನ ಲೆಕ್ಕ ಇನ್ನೂ ವಿಚಿತ್ರ. ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ತೆರೆದಿರುತ್ತಿದ್ದ ಅಂಗಡಿ ಏಪ್ರಿಲ್ 1ರಿಂದ 7ರಿಂದ 12ರವರೆಗೆ ಮಾತ್ರ ಎಂದಾಯಿತು. ಹದಿನಾಲ್ಕು ಗಂಟೆಯ ಗಿರಾಕಿಗಳು ಐದು ಗಂಟೆಯೊಳಗೆ ತೂರಬೇಕು. ಯಾರೂ ಒಂದು ಗುಲಗಂಜಿ ಹೆಚ್ಚು ಕೊಳ್ಳದಿದ್ದರೂ ಸಾಲು ಮೂರು ಪಟ್ಟು ಉದ್ದ. ಸಾಲು ಕಂಡವನಿಗೆ ಏನೋ ಮುಗಿಯುತ್ತಿದೆ ಎಂದು ಎದೆ ಹಾರುತ್ತದೆ, ಚೀಟಿಯಲ್ಲಿ 5 ಇದ್ದದ್ದು 25 ಆಗುತ್ತದೆ. ಒಂದು ಅಂಗಡಿಗೆ ಇನ್ನೂರು ಮನೆ ಎಂದಿಟ್ಟುಕೊಳ್ಳಿ. ಸಂಬಳದವರು ಒಂದನೇ ತಾರೀಕಿಗೆ, ಕೂಲಿಯವರು ದಿನವೂ ಸಂಜೆಗೆ, ಪಿಂಚಣಿಯವರು ತಮಗೆ ಬೇಕಾದಾಗ ಬರುತ್ತಾರೆ. ಆ ಧೈರ್ಯದ ಮೇಲೆ ಅಂಗಡಿಯವರು ವಾರಕ್ಕಾಗುವಷ್ಟು ತಂದಿಡುವುದು. ಇನ್ನೂರು ಮನೆಯವರೂ ಒಂದೇ ಬೆಳಿಗ್ಗೆ ತಿಂಗಳ ಸಾಮಾನು ಕೇಳಿದರೆ ಯಾವ ಗೋದಾಮೂ ಖಾಲಿಯಾಗದೆ ಅಂಗಡಿ ಖಾಲಿಯಾಗುತ್ತದೆ. ನಾವೇ ಇಲ್ಲದ ಹಾಗೆ ಮಾಡಿದೆವೇ ಎಂದರೆ, ಅರ್ಧದಷ್ಟು ಹೌದು.

ಅದೇ ವಾರಗಳಲ್ಲಿ ಕಲ್ಲಂಗಡಿ, ಅನಾನಸು ಗದ್ದೆ ತೋಟಗಳಲ್ಲೇ ಉಳಿದವು. ಮದುವೆ, ನೇಮ, ಜಾತ್ರೆ ಇಲ್ಲವಾಗಿ ಶಂಕರಪುರದ ಮಲ್ಲಿಗೆ ಕೇಳುವವರಿರಲಿಲ್ಲ. ಬಂದರಿನಲ್ಲೂ ಮಲ್ಪೆಯಲ್ಲೂ ಬೋಟುಗಳು ಒಂದಕ್ಕೊಂದು ಆತು ನಿಂತಿದ್ದವು, ಬೂತಾಯಿ ಬಂಗುಡೆ ಕಡಲಲ್ಲೇ ಸುಖವಾಗಿದ್ದವು. (ಆ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧವನ್ನು 61 ದಿನದಿಂದ 47ಕ್ಕೆ ಇಳಿಸಿ, ಜೂನ್ 15ರಿಂದ ಶುರು ಮಾಡಿದ್ದು ಬೋಟಿನವರಿಗೆ ಸಿಕ್ಕ ಸಣ್ಣ ಉಸಿರು.)

ಇಷ್ಟು ಹೇಳಿ ನಿಮ್ಮ ಉಗ್ರಾಣಕ್ಕೆ ಬರುತ್ತೇನೆ. ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಉಪ್ಪುಸೊಳೆ ಎಂದಿದ್ದೀರಿ. ಹಲಸು ಮರದಡಿ ಬಿದ್ದು ಕೊಳೆತು, ನೊಣ ಮುತ್ತಿ, ದನವೂ ಮೂಸಿ ನೋಡದ ಕಾಲದಲ್ಲಿ ತುಂಬಿಸುವುದು ಆ ಭರಣಿ. ನೀವು ಎರಡು ಭರಣಿ ಹಾಕಿದರೆ ಯಾರ ಊಟದಿಂದಲೂ ಒಂದು ಸೊಳೆ ಕಡಿಮೆಯಾಗುವುದಿಲ್ಲ. ಹಪ್ಪಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಮಾಂಬಳ (ಒಣಗಿಸಿದ ಮಾವಿನ ರಸ), ಮಿಡಿ ಉಪ್ಪಿನಕಾಯಿ, ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕುವ ಸೌತೆಕಾಯಿ, ಒಣಮೀನು, ಎಲ್ಲದರದ್ದೂ ಇದೇ ಲೆಕ್ಕ. ಹೆಚ್ಚಾದಾಗ ಎತ್ತಿಟ್ಟು ಮಳೆಗಾಲದ ಆಟಿ ತಿಂಗಳಲ್ಲಿ ತಿನ್ನುವುದು. 42 ಸೇರಿನ ಅಕ್ಕಿಮುಡಿಯನ್ನು ಬೈಹುಲ್ಲಿನಲ್ಲಿ ಬಿಗಿದು ಅಟ್ಟಕ್ಕೇರಿಸುತ್ತಿದ್ದ ನಮ್ಮ ಅಜ್ಜಂದಿರೂ ಕೊಯ್ಲಿನ ಕಾಲದಲ್ಲಿ ಕಟ್ಟಿದರೇ ಹೊರತು ಊರಿಗೆ ಬರ ಬಂದ ದಿನ ಅಲ್ಲ. ನಾನು ಮಾಡಿದ್ದು ಅದರ ತಿರುವುಮುರುವು: ಕಡಿಮೆಯಿದ್ದಾಗ ಎತ್ತಿಕೊಂಡು ಬಂದೆ, ಹೆಚ್ಚಿದ್ದಾಗ ತಿನ್ನದೆ ಬಿಟ್ಟೆ. ಆ ರವೆಗೆ ಏನಾಯಿತು ಎಂದು ದಯವಿಟ್ಟು ಕೇಳಬೇಡಿ.

ನಿಮ್ಮ ಪಟ್ಟಿಯಲ್ಲಿ ನನಗೆ ಒಗ್ಗದ್ದು ನಾಲ್ಕು ತಿಂಗಳ ಎಣ್ಣೆ. ತೆಂಗಿನೆಣ್ಣೆಯಾದರೆ ಅಷ್ಟು ದಿನಕ್ಕೆ ವಾಸನೆ ಹಿಡಿಯಲೂಬಹುದು. ಆ ವಿಷಯದಲ್ಲಿ ನಾನು ಸೊಸೆಯ ಕಡೆ.

ಆದರೆ ಸೊಸೆಗೂ ಒಂದು ಮಾತಿದೆ. ಮೊಬೈಲಿನಲ್ಲಿ ಒತ್ತಿದರೆ ಅರ್ಧ ಗಂಟೆಯಲ್ಲಿ ಬರುತ್ತದೆ, ನಿಜ, ನಾನೂ ಒತ್ತುತ್ತೇನೆ. ಆದರೆ ಆ ದಿನಗಳಲ್ಲಿ ನಮ್ಮ ಬೀದಿಯನ್ನು ನಡೆಸಿದ್ದು ಅದೇ ಅಂಗಡಿಯವರ ಮೂಲೆ ಮಡಚಿದ ಸಾಲದ ಪುಸ್ತಕ. ಬೀಡಿ ಕಟ್ಟುವವರನ್ನು ನೆನಪಿಸಿಕೊಳ್ಳಿ. ವಾರಕ್ಕೊಮ್ಮೆ ಬೀಡಿ ಕೊಟ್ಟು ದುಡ್ಡು ತಂದು ಜಿನಸು ಕೊಳ್ಳುವ ಮನೆಗಳು ಈ ಕರಾವಳಿಯಲ್ಲಿ ಒಂದೆರಡಲ್ಲ. ಲಾಕ್‌ಡೌನಿನಲ್ಲಿ ಎಲೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ, ಮಜೂರಿಯೂ ಇಲ್ಲ. ಅಂಥ ಮನೆಯವರು ಚೀಲಗಟ್ಟಲೆ ತುಂಬಿಸಿಡುವುದು ಹೇಗೆ? ಅವರಿಗೆ ಸಾಮಾನಿನ ಕೊರತೆಗಿಂತ ಮೊದಲು ಬಂದದ್ದು ದುಡ್ಡಿನ ಕೊರತೆ. ಏಪ್ರಿಲಿನಲ್ಲಿ ಒಂದು ದಿನ ಹಗ್ಗದಾಚೆ ನಿಂತು ನಾನು ಆ ಪುಸ್ತಕ ನೋಡಿದೆ. ಹೆಸರುಗಳಿರಲಿಲ್ಲ. 'ಬಾವಿಕಟ್ಟೆ', 'ಮಾವಿನಮರ', 'ರಿಕ್ಷಾ', 'ಬೀಡಿ ಅಕ್ಕ' ಎಂದು ಪುಟ ಪುಟ. ಮುಂದೆ ಅಂಕಿ, ಅಂಕಿಯ ಕೆಳಗೆ ಅಂಕಿ, ಕೂಡಿಸಿದ ಗೆರೆ ಎಲ್ಲೂ ಇಲ್ಲ. ಕೇಳಿದರೆ, "ಈಗ ಕೂಡಿಸಿದ್ರೆ ನನಗೇ ಹೆದರಿಕೆ ಆಗ್ತದೆ ಸಾರ್" ಎಂದರು. ಮೊಬೈಲಿನಲ್ಲಿ ಒತ್ತಿ ತರಿಸುವವರಿಗೆ ಇಂಥ ಪುಟ ಇಲ್ಲ, ಬೇಕಾಗಿಯೂ ಇಲ್ಲ. ಬೇಕಾಗುವವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಅವರಿಗಾಗಿ ಆ ಅಂಗಡಿಯ ಬಾಗಿಲು ತೆರೆದಿರಬೇಕಾದರೆ, ನೀವು ಮತ್ತು ನಿಮ್ಮ ಸೊಸೆ ತಿಂಗಳ ಅಕ್ಕಿಯನ್ನಾದರೂ ಅಲ್ಲಿಂದ ನಗದು ಕೊಟ್ಟು ತರಬೇಕು.

ಹುಳದ ವಿಷಯ. ನಮ್ಮಲ್ಲಿ ಅಕ್ಕಿಯನ್ನು ಮಳೆ ಹಿಡಿಯುವ ಮೊದಲು ತೆಳುವಾಗಿ ಹರಡಿ ಒಂದು ದಿನ ಆರಿಸುತ್ತಾರೆ. ಪೂರ್ತಿ ತಣಿದ ಮೇಲೆಯೇ ಡಬ್ಬಕ್ಕೆ ತುಂಬಿಸುವುದು. ಬಿಸಿಯಲ್ಲಿ ತುಂಬಿಸಿದರೆ ಬೆವರುತ್ತದೆ. ನಡುನಡುವೆ ಒಣಗಿದ ಕಹಿಬೇವಿನ ಎಲೆ, ಮೇಲೆ ನಾಲ್ಕು ಒಣಮೆಣಸು. ಹಳೆಯದು ಮುಗಿಯದೆ ಹೊಸದನ್ನು ಅದರ ಮೇಲೆ ಸುರಿಯಬಾರದು ಎಂದು ನನ್ನ ಹೆಂಡತಿ ಹೇಳಲು ಹೇಳಿದ್ದಾಳೆ. ಅಳತೆಗೆ ಡಬ್ಬದೊಳಗೆ ಒಂದು ಸೇರು ಇಟ್ಟಿದ್ದೇವೆ. ಅದು ನನ್ನ ಕೈಗೆ ಸಿಗದಿರುವ ದಿನವಿಲ್ಲ.

– ಸಂಪಾದಕ