ಕೆಂಪಾದ ಬಾವಿ ನೀರಿಗೆ ಮನೆಯಲ್ಲೇ ಫಿಲ್ಟರ್ ಮಾಡಬಹುದಾ?

ಮಣಿಪಾಲದ ಹತ್ತಿರ ಬಾಡಿಗೆ ಮನೆಗೆ ಬಂದಿದ್ದೀರಿ, ಮಳೆ ಶುರುವಾದ ಮೇಲೆ ಬಾವಿ ನೀರು ಚಹಾದ ಬಣ್ಣಕ್ಕೆ ತಿರುಗಿದೆ, ಕಡಿಮೆ ಖರ್ಚಲ್ಲಿ ಫಿಲ್ಟರ್ ಮಾಡಿಕೊಂಡು ಆ ನೀರು ಕುಡಿಯಬಹುದಾ ಅಂತ ಕೇಳಿದ್ದೀರಿ. ಫಿಲ್ಟರ್ ಖಂಡಿತ ಮಾಡಬಹುದು. ಆದರೆ ಅದರಿಂದ ಇಳಿದ ನೀರನ್ನು ಕುದಿಸದೆ ಕುಡಿಯಬೇಡಿ. ನಾನು ಪರ್ಕಳದವನು, ಮೂರು ಮಳೆಗಾಲ ಇದನ್ನು ಬಳಸಿ ಹೇಳುತ್ತಿದ್ದೇನೆ.

ಮೊದಲು ಆ ಕೆಂಪು ಯಾವುದರದ್ದು ನೋಡಿ. ಒಂದು ಬಾಟಲಿ ನೀರು ಹಿಡಿದು ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಕೆಸರು ಕೂತಿದ್ದರೆ ಅದು ಮುರಕಲ್ಲಿನ, ಅಂದರೆ ನಮ್ಮ ಕರಾವಳಿಯ ಕೆಂಪು ಕಲ್ಲಿನ ಮಣ್ಣು. ಸೇದುವಾಗ ತಿಳಿಯಾಗಿದ್ದು, ಆಮೇಲೆ ಹಳದಿಯಾದರೆ ಕಬ್ಬಿಣದ ಅಂಶ. ಹಾಗಿದ್ದರೆ ಕಾಫಿ ಆರಿಸುವ ಹಾಗೆ ಎರಡು ಕೊಡಪಾನದ ನಡುವೆ ಎತ್ತರದಿಂದ ನಾಲ್ಕೈದು ಸಲ ಹೊಯ್ದು ಸ್ವಲ್ಪ ಹೊತ್ತು ಬಿಡಿ. ಗಾಳಿ ತಾಗಿ ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ಫಿಲ್ಟರಿನ ಹೊಯ್ಗೆಯಲ್ಲಿ (ಮರಳಿನಲ್ಲಿ) ನಿಲ್ಲುತ್ತದೆ.

ನನ್ನ ಫಿಲ್ಟರ್ 20 ಲೀಟರಿನ ಹಳೆ ನೀರಿನ ಕ್ಯಾನ್. ತಳ ಕೊಯ್ದು, ಬಾಯಿಗೆ ಎರಡು ಮಡಿಕೆ ಹತ್ತಿ ಬಟ್ಟೆ ಬಿಗಿದು, ಸೀಟು ಹೋದ ಕುರ್ಚಿಯಲ್ಲಿ ತಲೆಕೆಳಗಾಗಿ ಕೂರಿಸಿದ್ದೇನೆ. ಎಲ್ಲಕ್ಕಿಂತ ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಮೂರಿಂಚು ಗೆರಟೆ (ತೆಂಗಿನ ಚಿಪ್ಪು) ಇದ್ದಿಲು, ಅದರ ಮೇಲೆ ಕನಿಷ್ಠ ಆರಿಂಚು ಹೊಯ್ಗೆ. ನೀರು ಹೊಯ್ಯುವಾಗ ಹೊಯ್ಗೆಯಲ್ಲಿ ಗುಂಡಿ ಬೀಳದಿರಲಿ ಅಂತ ಮೇಲೊಂದು ಹಿಡಿ ಜಲ್ಲಿ. ಅಷ್ಟೇ.

ಕಷ್ಟ ಇರುವುದು ತೊಳೆಯುವುದರಲ್ಲಿ. ಹೊಳೆ ಹೊಯ್ಗೆ ತನ್ನಿ. ಪುಕ್ಕಟೆ ಸಿಗುತ್ತದೆ ಅಂತ ಮಲ್ಪೆ ಬೀಚಿನದ್ದು ತಂದರೆ ಉಪ್ಪು, ಚಿಪ್ಪಿನ ಚೂರು ಎಲ್ಲ ಅದರ ಜೊತೆಗೇ ಬರುತ್ತದೆ. ಬಾಲ್ದಿಯಲ್ಲಿ ಹೊಯ್ಗೆ ಹಾಕಿ, ನೀರು ತುಂಬಿಸಿ, ಕೈಯಾಡಿಸಿ, ಕೆಸರು ನೀರು ಬಗ್ಗಿಸಿ. ನನಗೆ ಹನ್ನೆರಡು ಸಲ ಬೇಕಾಯಿತು. ಇದ್ದಿಲಿನ ವಿಷಯದಲ್ಲಿ ಮೊದಲ ವರ್ಷ ಎಡವಟ್ಟು ಮಾಡಿಕೊಂಡೆ. ಬಚ್ಚಲು ಒಲೆಯ ಕೆಂಡ ಆರಿದ ಮೇಲೆ ಬೂದಿ ಸಮೇತ ತುಂಬಿಸಿದ್ದೆ. ಇಳಿದ ನೀರು ಕಪ್ಪು, ಕೈಗೆ ಸಾಬೂನಿನಂತೆ ಜಾರುತ್ತಿತ್ತು. ಅಮ್ಮ ಲೋಟ ಎತ್ತಿ ಬೆಳಕಿಗೆ ಹಿಡಿದು, "ಬಾವಿ ನೀರೇ ಲಾಯ್ಕ ಇತ್ತಲ್ಲ ಮಾರಾಯ" ಅಂದರು. ಈಗ ಕೆಂಡವನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಆರಿಸುತ್ತೇನೆ. ಆಮೇಲೆ ಕಡಲೆ ಗಾತ್ರಕ್ಕೆ ಕುಟ್ಟಿ ಚೆನ್ನಾಗಿ ತೊಳೆಯುತ್ತೇನೆ. ಇದು ಅಂಗಡಿ ಫಿಲ್ಟರಿನ ಆಕ್ಟಿವೇಟೆಡ್ ಕಾರ್ಬನ್ ಅಲ್ಲ. ವಾಸನೆ ಸ್ವಲ್ಪ ಎಳೆಯುತ್ತದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಇನ್ನು ಕುದಿಸುವ ಮಾತು. ಅಮ್ಮ ಮೊದಲಿಂದಲೂ ನಲ್ಲಿಗೆ ಬಟ್ಟೆ ಕಟ್ಟುವವರು, ನಾವು ನಗುತ್ತಿದ್ದೆವು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆ ಸೀರೆ ಮಡಚಿ ಕೆರೆ, ಹೊಳೆ ನೀರು ಸೋಸಿದ್ದಕ್ಕೆ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಅಂತ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ತಂಡ 2003ರಲ್ಲಿ ಪ್ರಕಟಿಸಿದೆ. ಕಾಲರಾ ರೋಗಾಣು ನೀರಿನ ಸಣ್ಣ ಹುಳಗಳಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಬಟ್ಟೆಯಲ್ಲಿ ಸಿಕ್ಕಿಬೀಳುತ್ತದೆ. ಕಾಮಾಲೆ ತರುವ ವೈರಸ್ ಹಾಗಲ್ಲ. ಅದು ಬಟ್ಟೆಯನ್ನೂ ದಾಟುತ್ತದೆ, ನಮ್ಮ ಆರಿಂಚು ಹೊಯ್ಗೆಯನ್ನೂ ದಾಟಬಲ್ಲದು. ನಮ್ಮಲ್ಲಿ ಐದು ಸೆಂಟ್ಸ್ ಜಾಗದಲ್ಲೇ ಬಾವಿ, ಅಲ್ಲೇ ಪಕ್ಕದಲ್ಲಿ ಕಕ್ಕಸು ಗುಂಡಿ ಅಲ್ವಾ? ಮುರಕಲ್ಲು ತೂತುತೂತಿನ ಕಲ್ಲು, ಮಳೆಗಾಲದಲ್ಲಿ ಅದರೊಳಗೆ ನೀರು ಎಲ್ಲಿಂದ ಎಲ್ಲಿಗೋ ಹರಿಯುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡರೂ ನಂಬುವ ಹಾಗಿಲ್ಲ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ, ಸಾಕು. ನಾವು ಅದಕ್ಕೆ ಒಂದು ಚಿಟಿಕೆ ಜೀರಿಗೆ ಹಾಕುತ್ತೇವೆ, ಅದು ಸುಮ್ನೆ ರುಚಿಗೆ.

ಹೊಸ ಫಿಲ್ಟರಿನ ಮೊದಲ ಎರಡು ಕ್ಯಾನ್ ನೀರನ್ನು ಗಿಡಕ್ಕೆ ಹಾಕಿ. ನೀರು ಇಳಿಯುವುದು ತೀರಾ ನಿಧಾನವಾದರೆ ಮೇಲಿನ ಒಂದಿಂಚು ಹೊಯ್ಗೆ ತೆಗೆದು ತೊಳೆದು ಹಾಕಿ. ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ಎಲ್ಲ ಬಿಚ್ಚಿ ಬಿಸಿಲಿಗೆ ಹಾಕಿ ಹೋಗಿ, ಇಲ್ಲದಿದ್ದರೆ ಬರುವಾಗ ನಾರುತ್ತಿರುತ್ತದೆ. ಬಾಡಿಗೆ ಮನೆಯಲ್ಲಿ ಬಚ್ಚಲು ಒಲೆ ಇಲ್ಲದಿದ್ದರೆ ಇದ್ದಿಲಿಗೆ ಹತ್ತಿರದ ಇಸ್ತ್ರಿ ಅಂಗಡಿಯಲ್ಲಿ ಕೇಳಿ ನೋಡಿ. ಗೆರಟೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡವರು ಇನ್ನೂ ಇದ್ದಾರೆ.